ಬಿಲ್ಲಿನಲ್ಲಿ ಎಲ್ಲಕ್ಕಿಂತ ಅಗ್ಗದ ಮಾತ್ರೆ

ನಮ್ಮ ಮನೆಮಾತು ಉರ್ದು. ಔಷಧಿ ಚೀಟಿಯಿಂದ ಹಿಡಿದು ಕರೆಂಟು ಬಿಲ್ಲಿನವರೆಗೆ ಎಲ್ಲವನ್ನೂ ಮನೆಯವರಿಗೆ ಓದಿ ಹೇಳುವ ಕೆಲಸ ಏಳನೇ ತರಗತಿಯಿಂದಲೂ ನನ್ನದೇ. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ನನ್ನ ಮಾಮೂಗೆ ಕಿಡ್ನಿ ಕಸಿ ಆಯಿತು. ಕಿಡ್ನಿ ಕೊಟ್ಟವರು ನನ್ನ ಅಮ್ಮಿ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಮಾಮೂ ದಿನವೂ ನುಂಗಬೇಕಿತ್ತು. ತಿಂಗಳ ಬಿಲ್ಲು ಸಾವಿರಗಳಲ್ಲಿ ಬರುತ್ತಿತ್ತು. ನಾಲ್ಕನೇ ತಿಂಗಳು ಅವರು ಚೀಟಿಯನ್ನು ನನ್ನ ಮುಂದಿಟ್ಟು, "ಬೇಟಾ, ಇದರಲ್ಲಿ ಯಾವುದನ್ನಾದರೂ ಬಿಡಬಹುದಾ ನೋಡು" ಎಂದರು. ನಾನು ಮೊಬೈಲಿನಲ್ಲಿ ಒಂದೊಂದೇ ಹೆಸರು ಹುಡುಕಿದೆ. ಕೋಟ್ರೈಮಾಕ್ಸಜೋಲ್ ಎಂಬುದು ಆಂಟಿಬಯೋಟಿಕ್ ಎಂದಿತ್ತು. ಸುಮ್ಮನೆ ಆಂಟಿಬಯೋಟಿಕ್ ತಿನ್ನಬಾರದೆಂದು ಶಾಲೆಯಲ್ಲಿ ಕೇಳಿದ್ದೆ. "ಜ್ವರವೇ ಇಲ್ಲವಲ್ಲ, ಇದು ಬೇಡ ಮಾಮೂ" ಎಂದುಬಿಟ್ಟೆ.

ಎರಡು ತಿಂಗಳಿಗೆ ಒಣಕೆಮ್ಮು, ಜ್ವರ ಶುರುವಾಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಮಾಮೂಗೆ ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಶ್ವಾಸಕೋಶದೊಳಗಿನ ದ್ರವ ತೆಗೆದು ಪರೀಕ್ಷಿಸಿದರು. ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ನ್ಯುಮೋನಿಯಾ. ಆರೋಗ್ಯವಂತರಿಗೆ ಇದು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ರೋಗನಿರೋಧಕ ಶಕ್ತಿ ಕುಗ್ಗಿದವರ ಮೇಲೆ ಎರಗುತ್ತದೆ. 1981ರಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಕಂಡ ಇದೇ ಕಾಯಿಲೆಯ ವರದಿಯಿಂದಲೇ ಏಡ್ಸ್ ಜಗತ್ತಿನ ಗಮನಕ್ಕೆ ಬಂದದ್ದು.

"ತಡೆಗಟ್ಟಲು ದಿನಕ್ಕೊಂದು ಮಾತ್ರೆ ಬರೆದಿದ್ದೆವಲ್ಲ?" ಎಂದು ಡಾಕ್ಟರ್ ಕೇಳಿದಾಗ ಮಾಮೂ ನನ್ನ ಕಡೆ ನೋಡಲೇ ಇಲ್ಲ. "ನಾನೇ ಬಿಟ್ಟೆ" ಎಂದರು. ನನಗೆ ತಡೆಯಲಾಗಲಿಲ್ಲ. ಅಮ್ಮಿಯ ಎದುರೇ ನಿಜ ಹೇಳಿದೆ. ಡಾಕ್ಟರ್ ಬೈಯಲಿಲ್ಲ. ಇದು ಶಿಲೀಂಧ್ರವಾದರೂ ಸಾಮಾನ್ಯ ಶಿಲೀಂಧ್ರನಾಶಕಗಳು ಗುರಿಯಿಡುವ ಎರ್ಗೋಸ್ಟೆರಾಲ್ ಇದರಲ್ಲಿಲ್ಲ, ಆದ್ದರಿಂದ ಅದೇ ಆಂಟಿಬಯೋಟಿಕ್ಕೇ ಮೊದಲ ಮದ್ದು ಎಂದು ತಿಳಿಸಿದರು. ಮನೆಗೆ ಬಂದು ಹಳೆಯ ಬಿಲ್ಲು ತೆಗೆದು ನೋಡಿದೆ. ನಾನು ಬಿಡಿಸಿದ್ದು ಅದರಲ್ಲಿ ಎಲ್ಲಕ್ಕಿಂತ ಅಗ್ಗದ ಮಾತ್ರೆ.

ಒಂದು ವಾರ ಇಂಜೆಕ್ಷನ್, ಜೊತೆಗೆ ಉರಿಯೂತ ತಗ್ಗಿಸಲು ಸ್ಟೀರಾಯ್ಡ್. ಆಮೇಲೆ ಮನೆಯಲ್ಲಿ ಎರಡು ವಾರ ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎರಡರಂತೆ ಮಾತ್ರೆ. "ಆರು ಮಾತ್ರೆಯಾ?" ಎಂದು ನಾನಿ ಗಾಬರಿಯಾದರು. ಡಾಕ್ಟರ್ ತೋರಿಸಿಕೊಟ್ಟ ಲೆಕ್ಕವನ್ನು ನಾನು ಅವರಿಗೆ ಬರೆದು ತೋರಿಸಿದೆ. ಈ ಮಾತ್ರೆಯಲ್ಲಿ ಎರಡು ಔಷಧಿಗಳಿವೆ. ಲೆಕ್ಕ ಹಾಕುವುದು ಟ್ರೈಮೆಥೊಪ್ರಿಮ್ ಮೇಲೆ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 15ರಿಂದ 20 ಮಿಲಿಗ್ರಾಂ. ಮಾಮೂ ತೂಕ 60 ಕಿಲೋ, ಅಂದರೆ ಕನಿಷ್ಠ 900. ಒಂದು ಮಾತ್ರೆಯಲ್ಲಿ 160, ಆರಕ್ಕೆ 960. ಕಿಡ್ನಿಯ ಕೆಲಸ ಕುಗ್ಗಿದರೆ ಈ ಲೆಕ್ಕ ಬದಲಾಗುತ್ತದೆ. ಆದ್ದರಿಂದಲೇ ಮೇಲಿಂದ ಮೇಲೆ ರಕ್ತಪರೀಕ್ಷೆ.

ನಾನೊಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಟ್ಟೆ. ಮೂರನೇ ದಿನ ಸ್ಟಾಕ್ ತಾಳೆಯಾಗಲಿಲ್ಲ, ಎರಡು ಮಾತ್ರೆ ಹೆಚ್ಚು ಉಳಿದಿದ್ದವು. ವಾಕರಿಕೆ ತಾಳಲಾರದೆ ಮಾಮೂ ರಾತ್ರಿಯದನ್ನು ಬಿಟ್ಟಿದ್ದರು. ಈ ಸಲ ನಾನು ಸಲಹೆ ಕೊಡಲಿಲ್ಲ, ಆಸ್ಪತ್ರೆಗೆ ಫೋನ್ ಮಾಡಿದೆ. ವಾಂತಿ ತಡೆಯುವ ಮಾತ್ರೆ ಕೊಟ್ಟರು. ಮತ್ತೊಂದು ದಿನ ಪೊಟ್ಯಾಸಿಯಂ ಏರಿತ್ತು. ಈ ಔಷಧಿಯಿಂದ ಹಾಗಾಗುತ್ತದಂತೆ. ನಾನಿ ಪ್ರೀತಿಯಿಂದ ಕೊಡುತ್ತಿದ್ದ ಎಳನೀರು, ಬಾಳೆಹಣ್ಣು, ಖರ್ಜೂರ ಎಲ್ಲ ನಿಂತವು. ಎದೆಯ ಮೇಲೆ ಕೆಂಪು ದದ್ದು ಎದ್ದಾಗ ಡಾಕ್ಟರ್ ನೋಡಿ ಮುಂದುವರಿಸಲು ಹೇಳಿದರು. ಬಾಯಲ್ಲಿ ಹುಣ್ಣು, ಚರ್ಮದ ಮೇಲೆ ಬೊಬ್ಬೆ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಬರಬೇಕೆಂದು ಎಚ್ಚರಿಸಿದರು. ಹಾಗಾಗಲಿಲ್ಲ.

ಇಪ್ಪತ್ತೊಂದನೇ ದಿನ ಮಾಮೂ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿದರು. ಅಲ್‌ಹಮ್ದುಲಿಲ್ಲಾಹ್, ಅಮ್ಮಿ ಕೊಟ್ಟ ಕಿಡ್ನಿಯೂ ಉಳಿಯಿತು.

ಗೆಳೆಯರೇ, ನಮ್ಮಲ್ಲಿ ಅನೇಕರು ಮನೆಯವರ ಚೀಟಿ ಓದುವವರೇ. ಓದಲು ಬರುವುದು ಬೇರೆ, ತಿಳಿದಿರುವುದು ಬೇರೆ. ಮಾತ್ರೆ ಬಿಡುವ ಮುನ್ನ ಬರೆದವರನ್ನು ಒಮ್ಮೆ ಕೇಳಿ. ಮಾಮೂ ಈಗಲೂ ಚೀಟಿಯನ್ನು ನನ್ನ ಕೈಗೇ ಕೊಡುತ್ತಾರೆ. ನಾನು ಓದುತ್ತೇನೆ, ಅಷ್ಟೇ.