ಹಸಿರು ಲೈಟ್ ನೋಡಿ ಬೇಲಿ ನಂಬಬೇಡಿ

ಏಣೆಲು ಭತ್ತಕ್ಕೆ ಹಾಲು ತುಂಬುವ ಸಮಯ. ಇದು ನಮಗಿಂತ ಮೊದಲು ಕಾಡುಹಂದಿಗಳಿಗೆ ಗೊತ್ತಾಗ್ತದೆ. ಕಾರ್ಕಳದಿಂದ ಬಜಗೋಳಿ, ಮಾಳದ ಬದಿಗೆ ಗುಡ್ಡೆ ಹತ್ತಿರ ಗದ್ದೆ ಇರುವವರಿಗೆ ನಾನು ಹೇಳಬೇಕಾಗಿಲ್ಲ, ಒಂದು ರಾತ್ರಿ ಐದಾರು ಹಂದಿ ಇಳಿದರೆ ಬೆಳಿಗ್ಗೆ ಅಲ್ಲಿ ಎಂತ ಉಳಿದಿರ್ತದೆ ಅಂತ. ತಿನ್ನುದು ಸ್ವಲ್ಪ, ಹೊರಳಾಡಿ ಹಾಳು ಮಾಡುದೇ ಜಾಸ್ತಿ.

ಕಳೆದ ವಾರ ನಮ್ಮ ಬೈಲಿನ ಆಚೆ ಕರೆಯ ಒಬ್ಬರ ಗದ್ದೆಯಲ್ಲಿ ಹಾಗೇ ಆಯ್ತು. ಸೋಲಾರ್ ಬೇಲಿ ಉಂಟು, ತಂತಿ ಎಲ್ಲೂ ತುಂಡಾಗಿಲ್ಲ. "ನಿನ್ನೆ ಸಂಜೆ ನೋಡಿದ್ದೆ ಮಾರಾಯ, ಹಸಿರು ಲೈಟ್ ಇತ್ತು" ಅಂತ ಅವರದ್ದು ಒಂದೇ ಮಾತು. ಅವರು ಹೇಳಿದ್ದು ಸುಳ್ಳಲ್ಲ. ಮರುದಿನ ಬೆಳಿಗ್ಗೆ ಆರೂಕಾಲಿಗೆ, ಪ್ಯಾನೆಲಿಗೆ ಬಿಸಿಲು ಬೀಳುವ ಮೊದಲು, ಮೀಟರ್ ಹಿಡ್ಕೊಂಡು ಹೋದೆ. ಬ್ಯಾಟರಿಯಲ್ಲಿ 11.8 ವೋಲ್ಟ್. ಹತ್ತು ಗಂಟೆಗೆ ಮೋಡ ಸ್ವಲ್ಪ ಸರಿದಾಗ ಅದೇ ಬ್ಯಾಟರಿ 13.4 ತೋರಿಸಿತು, ಹಸಿರು ಲೈಟೂ ಬಂತು. ಮೂರೂಮುಕ್ಕಾಲು ಗಂಟೆಯಲ್ಲಿ ಅದೇನು ಹೊಟ್ಟೆ ತುಂಬಿಸಿಕೊಳ್ಳಲಿಲ್ಲ. ಹಗಲು ನಾವು ನೋಡುದು ಪ್ಯಾನೆಲ್ ಒತ್ತುವ ವೋಲ್ಟೇಜು, ಬ್ಯಾಟರಿಯ ಒಳಗಿನ ದಾಸ್ತಾನು ಅಲ್ಲ. ಬಿಸಿಲು ಹೋದ ಮೇಲೂ ಸ್ವಲ್ಪ ಹೊತ್ತು ಆ ಮೇಲುಮೇಲಿನ ವೋಲ್ಟೇಜು ನಿಲ್ತದೆ, ಹಾಗಾಗಿ ಸಂಜೆಯ ಲೆಕ್ಕವೂ ನಂಬುವ ಹಾಗಿಲ್ಲ. ಕೆಂಪು ಲೈಟ್ ಬರುವ ಹೊತ್ತಿಗೆ ಬ್ಯಾಟರಿ ಹೆಚ್ಚುಕಮ್ಮಿ ಖಾಲಿ.

ಆದ್ದರಿಂದ ನೋಡುದಾದ್ರೆ ಬೆಳಗ್ಗಿನ ಜಾವ ನೋಡಿ. ಮನೆಯ ಇನ್ವರ್ಟರ್ ಬ್ಯಾಟರಿಯಾದ್ರೆ ಚಾರ್ಜೂ ಲೋಡೂ ಎರಡೂ ತೆಗೆದು ಮೂರ್ನಾಲ್ಕು ಗಂಟೆ ಸುಮ್ಮನೆ ಬಿಡಬೇಕು. ಬೇಲಿ ಮೆಷಿನ್ ಎಳೆಯುವ ಕರೆಂಟು ತೀರಾ ಕಮ್ಮಿ, ಅದು ಓಡ್ತಾ ಇದ್ದರೂ ಲೆಕ್ಕಕ್ಕೆ ದೊಡ್ಡ ವ್ಯತ್ಯಾಸ ಬರುದಿಲ್ಲ. 12 ವೋಲ್ಟಿನ ಸೀಸ-ಆಸಿಡ್ ಬ್ಯಾಟರಿಗೆ 12.7 ಅಂದ್ರೆ ಪೂರ್ತಿ, 12.4 ಮುಕ್ಕಾಲು, 12.2 ಅರ್ಧ, 12.0 ಅಂದ್ರೆ ಕಾಲು ಭಾಗ. ಸೊನ್ನೆ ಆಗುವಾಗ ಸೊನ್ನೆ ತೋರಿಸ್ತದೆ ಅಂತ ಕಾಯುವವರು ಇದ್ದಾರೆ. ಇಲ್ಲಿ ಇಡೀ ಆಟ ನಡೆಯುದು ಒಂದು ವೋಲ್ಟಿನ ಒಳಗೆ. ಮುಳ್ಳಿನ ಮೀಟರಿನಲ್ಲಿ ಇದು ಗೊತ್ತಾಗುದಿಲ್ಲ, ಅಂಕಿ ತೋರಿಸುವ ಡಿಜಿಟಲ್ ಮೀಟರೇ ಬೇಕು.

ಅರ್ಧಕ್ಕಿಂತ ಕೆಳಗೆ ಇಳಿಸಿ ಹಾಗೇ ದಿನಗಟ್ಟಲೆ ಬಿಟ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರ್ತದೆ. ಮತ್ತೆ ಎಷ್ಟು ಬಿಸಿಲು ಬಂದ್ರೂ ಮೊದಲಿನಷ್ಟು ಹಿಡಿಯುದಿಲ್ಲ. ಮಳೆಗಾಲದಲ್ಲಿ ನಮ್ಮ ಬ್ಯಾಟರಿಗಳು ಸಾಯುದು ಹೀಗೆ.

ಲೆಕ್ಕ ಹಾಕಿ ನೋಡಿ. ಮೆಷಿನ್ 0.2 ಆಂಪಿಯರ್ ಎಳೆಯುದು ಅಂತ ಹಿಡಿದರೆ ದಿನಕ್ಕೆ 4.8 ಆಂಪಿಯರ್-ಗಂಟೆ ಖರ್ಚು. 26 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ನಾವು ಧೈರ್ಯವಾಗಿ ಬಳಸಬಹುದಾದ್ದು ಅರ್ಧ, ಅಂದ್ರೆ 13. ಕಪ್ಪು ಮೋಡ ಇರುವ ದಿನ 20 ವಾಟಿನ ಪ್ಯಾನೆಲ್ ಕೊಡುದು ಒಂದು ಆಂಪಿಯರ್-ಗಂಟೆ ಅಂತಿಟ್ಟುಕೊಳ್ಳಿ. ಮೂರೂವರೆ ದಿನ ಕಳೆಯುವ ಮೊದಲೇ ಅರ್ಧಕ್ಕೆ ಬಂತು. ಅದೇ ಮೆಷಿನನ್ನು ರಾತ್ರಿ ಮಾತ್ರ ಹಾಕಿದ್ರೆ ಒಂಬತ್ತು ದಿನ ಎಳೀತದೆ. ಹಂದಿ ಬರುದು ಕತ್ತಲಲ್ಲಿ. ನವಿಲು ಹಗಲು ಬಂದ್ರೂ ಬೇಲಿ ಮೇಲಿಂದ ಹಾರಿ ಬರುದು, ಅದಕ್ಕೆ ಕರೆಂಟ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಭತ್ತದ ಗದ್ದೆಯವರು ಮೋಡ ಹಿಡಿದಾಗ ಹಗಲು ಸ್ವಿಚ್ ಆಫ್ ಮಾಡುದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಸಂಜೆ ಮತ್ತೆ ಹಾಕುವ ನೆನಪು ಯಾರಿಗೆ ಇರ್ತದೆ ಅನ್ನುದು ಬೇರೆ ಪ್ರಶ್ನೆ, ಮನೆಯಲ್ಲಿ ಮಕ್ಕಳಿಗೆ ವಹಿಸಿ.

ನೀರು ಹಾಕುವ ಟ್ಯೂಬುಲರ್ ಬ್ಯಾಟರಿ ಇದ್ದವರು ಹೈಡ್ರೋಮೀಟರ್ ಒಂದು ಇಟ್ಟುಕೊಳ್ಳಿ. ಒಳಗೆ ಆರು ಸೆಲ್. ಐದರಲ್ಲಿ ಅಂಕಿ ಒಂದೇ ಸಮ ಇದ್ದು ಒಂದರಲ್ಲಿ ಮಾತ್ರ 50 ಪಾಯಿಂಟ್ ಕಡಿಮೆ, ಅಂದ್ರೆ ಐದರಲ್ಲಿ 1240 ಇದ್ದು ಇನ್ನೊಂದರಲ್ಲಿ 1190 ಬಂದ್ರೆ, ಆ ಸೆಲ್ ಹೋಗುವ ದಾರಿಯಲ್ಲಿ ಉಂಟು. ವೋಲ್ಟ್ ಮೀಟರ್ ಇದನ್ನು ಬಿಡಿಸಿ ಹೇಳುದಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ನೋಡ್ಬೇಡಿ, ಮೇಲೆ ಬರೀ ನೀರೇ ಸಿಗ್ತದೆ.

ಈಗ ಕೆಲವರು ಲಿಥಿಯಂ ಹಾಕಿಸ್ತಿದ್ದಾರೆ. ಅದಕ್ಕೆ ಮೇಲಿನ ಅಂಕಿಗಳನ್ನು ಹಚ್ಚಬೇಡಿ. ಮುಕ್ಕಾಲು ಇದ್ದರೂ ಅರ್ಧ ಇದ್ದರೂ ಅದು 13.2, 13.3 ಅಂತ ತೋರಿಸ್ತಾ ಕೊನೆಗೆ ಒಮ್ಮೆಲೇ ಕುಸೀತದೆ. ಹೊರದೇಶದಲ್ಲಿ ಕಾರಿನ ಹಿಂದೆ ಸಣ್ಣ ಮನೆಯಂಥ ಟ್ರೈಲರ್ ಎಳ್ಕೊಂಡು ತಿರುಗಾಟಕ್ಕೆ ಹೋಗುವವರು ಇದಕ್ಕೇ ಬೇರೆ ಮೀಟರ್ ಕೂರಿಸ್ತಾರೆ, ಒಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು ಎರಡನ್ನೂ ಪಾಸ್‌ಬುಕ್ಕಿನ ಹಾಗೆ ಎಣಿಸುವಂಥದ್ದು. ನಮ್ಮ ಬೇಲಿಗೆ ಅಷ್ಟು ಬೇಡ, ಸೀಸದ ಬ್ಯಾಟರಿಯೇ ಸಾಕು.

ಬ್ಯಾಟರಿ ತುಂಬಿದೆ ಅಂದ ಮಾತ್ರಕ್ಕೆ ಬೇಲಿ ಸರಿ ಉಂಟು ಅಂತ ಅಲ್ಲ. ಹುಲ್ಲು ಬೆಳೆದು ಕೆಳಗಿನ ತಂತಿಗೆ ತಾಗಿದ್ರೆ ಶಾಕ್ ಅಲ್ಲೇ ನೆಲಕ್ಕೆ ಇಳೀತದೆ, ಬೇಲಿಯ ಕೊನೆಗೆ ಮುಟ್ಟುದಿಲ್ಲ. ಬೇಲಿ ಟೆಸ್ಟರನ್ನು ಮೆಷಿನಿನ ಹತ್ತಿರ ಅಲ್ಲ, ದೂರದ ಮೂಲೆಯಲ್ಲಿ ಹಿಡಿದು ನೋಡಿ. ಬ್ಯಾಟರಿ ಹೋಯ್ತು ಅಂತ ಸಿಟ್ಟಿನಲ್ಲಿ ಮನೆಯ ಲೈನನ್ನೇ ತಂತಿಗೆ ಕೊಡುವ ಯೋಚನೆ ಮಾತ್ರ ಯಾರೂ ಮಾಡ್ಬೇಡಿ. ಮೆಷಿನಿನ ಶಾಕ್ ಸೆಕೆಂಡಿಗೆ ಒಮ್ಮೆ ಹೊಡೆದು ಬಿಡ್ತದೆ. 230 ವೋಲ್ಟಿನ ಲೈನ್ ಬಿಡುದಿಲ್ಲ, ಜೀವ ತೆಗೀತದೆ, ಜೈಲೂ ಉಂಟು. ಬೆಳಿಗ್ಗೆ ಆ ತಂತಿ ಮುಟ್ಟುವುದು ಹುಲ್ಲಿಗೆ ಹೋದ ನಮ್ಮವರೇ.

ಕಾಪು ಬದಿಯವರಿಗೆ ಹಂದಿಗಿಂತ ಉಪ್ಪು ಗಾಳಿಯ ಕಾಟ ಜಾಸ್ತಿ. ನನ್ನ ಅಕ್ಕನ ಮನೆ ಅಲ್ಲಿ ಕಡಲಿಗೆ ಹತ್ತಿರ. ಅವರ ಇನ್ವರ್ಟರಿನಲ್ಲಿ ಬ್ಯಾಟರಿ 12.6 ತೋರಿಸ್ತಿತ್ತು, ಫ್ಯಾನ್ ಹಾಕಿದ ಕೂಡಲೇ ಬಂದ್. ನೋಡಿದ್ರೆ ಟರ್ಮಿನಲಿನಲ್ಲಿ ಹಸಿರು ಹೂ ಅರಳಿತ್ತು. ವಯರ್ ಬಿಚ್ಚಿ, ಸೋಡಾಪುಡಿ ಕಲಸಿದ ಬಿಸಿನೀರಲ್ಲಿ ತೊಳೆದು, ಒರಸಿ, ಬಿಗಿ ಮಾಡಿ ಮೇಲಿಂದ ವ್ಯಾಸಲಿನ್ ಹಚ್ಚಿದ ಮೇಲೆ ಸರಿಯಾಯ್ತು. ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವಾಟಿನ ವಿದ್ಯುತ್ ಸ್ಥಾವರ ಇದ್ದರೂ ಲೈನಿನ ಮೇಲೆ ಮರ ಬಿದ್ದ ರಾತ್ರಿ ಅಕ್ಕನಿಗೆ ಆಗುದು ಈ ಒಂದು ಪೆಟ್ಟಿಗೆಯೇ.

ಆಚೆ ಕರೆಯವರ ಬ್ಯಾಟರಿಯನ್ನು ಮನೆಗೆ ತಂದು ಎರಡು ದಿನ ಚಾರ್ಜರಿಗೆ ಹಾಕಿದೆವು. ತೆಗೆದಿಟ್ಟು ಮರುದಿನ ನೋಡುವಾಗ 12.5 ನಿಂತಿತ್ತು. ಈ ಬೆಳೆ ದಾಟೀತು, ಬರುವ ಮಳೆಗಾಲಕ್ಕೆ ನಂಬಿಕೆ ಇಲ್ಲ. ಮೀಟರ್ ಇಲ್ಲದವರು ಬಂದು ನನ್ನದನ್ನು ತಕೊಂಡು ಹೋಗಿ. ಏಳು ಗಂಟೆಯ ತನಕ ಮನೆಯಲ್ಲೇ ಇರ್ತೇನೆ. ವಾಪಸ್ ತಂದು ಕೊಡಿ, ಹೋದ ವರ್ಷ ಕೊಟ್ಟ ಸ್ಪ್ಯಾನರ್ ಸೆಟ್ಟು ಇನ್ನೂ ಬಂದಿಲ್ಲ.