ಚಂದ್ರಶಿಲೆಯ ಹಿಮದ ಹಾದಿಯಲ್ಲಿ

ಕಾರ್ತಿಕ ಮಾಸ ಕಳೆದ ಮೇಲೆ ಹುಬ್ಬಳ್ಳಿಯಿಂದ ಹೊರಟ ನಾವು, ಕೇದಾರದ ರಾವಲರ ಪೀಠವಿರುವ ಊಖೀಮಠವನ್ನು ತಲುಪಿದೆವು. ಚಳಿಗಾಲದಲ್ಲಿ ಕೇದಾರನಾಥನ ಉತ್ಸವಮೂರ್ತಿಗೆ ಪೂಜೆ ನಡೆಯುವುದು ಇಲ್ಲಿಯ ಓಂಕಾರೇಶ್ವರ ದೇವಾಲಯದಲ್ಲಿ. ದರ್ಶನ ಪಡೆದು ಮರುದಿನ ಚೋಪ್ತಾದಿಂದ ತುಂಗನಾಥಕ್ಕೆ ಏರಿದೆವು. ಸುಮಾರು 3,680 ಮೀಟರು ಎತ್ತರದ ಆ ದೇಗುಲದ ಬಾಗಿಲು ಚಳಿಗಾಲಕ್ಕೆಂದು ಮುಚ್ಚಿತ್ತು, ಹೊರಗಿನಿಂದಲೇ ಕೈಮುಗಿದೆವು.

ಮುಂದಿನದು ಚಂದ್ರಶಿಲೆಯ ಏಣು. ಹಗಲಿನಲ್ಲಿ ಕರಗಿದ ಹಿಮ ಇರುಳಿನಲ್ಲಿ ಗಾಜಿನಂತೆ ಗಟ್ಟಿಯಾಗಿ, ಹೊಸ ಹಿಮದ ತೆಳುಪದರದಡಿ ಅಡಗಿತ್ತು. ಊರುಗೋಲಿದ್ದರೂ ಕಾಲು ಜಾರುತ್ತಿತ್ತು. ಶಿಖರ ಕಣ್ಣೆದುರಿಗೇ ಇತ್ತು. ಆದರೆ ಜೊತೆಯಲ್ಲಿದ್ದ ಹಿರಿಯರು ಏದುಸಿರು ಬಿಡುತ್ತಿದ್ದರು. ತುದಿ ಮುಟ್ಟುವ ಹಂಬಲವನ್ನು ಅಲ್ಲಿಯೇ ಬಿಟ್ಟು ಹಿಂದಿರುಗಿದೆವು.

ಈ ಕಾಲದಲ್ಲಿ ಹೋಗಬಯಸುವವರು ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳುಪಟ್ಟಿಯಿಲ್ಲದೆ ಏರಬಾರದು. ಮಧ್ಯಾಹ್ನದ ಮೋಡ ಕವಿಯುವ ಮೊದಲೇ ಇಳಿಯುವುದು ಲೇಸು. ಹಿರಿಯರನ್ನು ಕ್ಷೇಮವಾಗಿ ಮನೆ ಮುಟ್ಟಿಸಿದ್ದೇ ನಮಗೆ ಯಾತ್ರೆಯ ಫಲವಾಯಿತು.