ಒಂದು ಬೀಗದ ಕೈ, ಎರಡು ರಾಜಧಾನಿ

ಯುರೋಪ್ ಪ್ರವಾಸದ ಮಾತು ಬಂದಾಗ ನನ್ನಾಕೆ, "ನೀವು ಹೋಗಿ ಬನ್ನಿ. ನನ್ನ ಮಂಡಿನೋವು ಕಟ್ಟಿಕೊಂಡು ನಿಮಗೆಲ್ಲ ಯಾಕೆ ತೊಂದರೆ?" ಎಂದಳು. ಹನ್ನೆರಡು ದಿನದಲ್ಲಿ ಏಳೆಂಟು ದೇಶ ತೋರಿಸುವ ಟೂರುಗಳ ಪಟ್ಟಿ ನೋಡಿದಾಗ ಅವಳ ಮಾತು ಸರಿಯೆನಿಸಿತು. ದಿನಾ ಬೆಳಗಿನ ಜಾವ ಎದ್ದು, ಪೆಟ್ಟಿಗೆ ಕಟ್ಟಿ, ಬಸ್ಸು ಹತ್ತುವುದು ನನ್ನಿಂದಲೂ ಆಗದ ಕೆಲಸ.

ಮಗಳು ಬೇರೆ ದಾರಿ ಹುಡುಕಿದಳು. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಹತ್ತು ದಿನಕ್ಕೆ ಒಂದು ಸಣ್ಣ ಮನೆಯನ್ನೇ ಬಾಡಿಗೆಗೆ ಹಿಡಿದಳು. ಎರಡು ಕೋಣೆ, ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ. ಹೋಟೆಲಾದರೆ ನಮ್ಮ ನಾಲ್ವರಿಗೆ ಎರಡು ರೂಮು, ಮೂರು ಹೊತ್ತೂ ಹೊರಗಿನ ಊಟ. ಲೆಕ್ಕ ಹಾಕಿ ನೋಡಿದೆ, ಮನೆಯೇ ಅಗ್ಗ. ಅವಳು ಮೊದಲು ಕೇಳಿದ ಪ್ರಶ್ನೆ, "ಲಿಫ್ಟ್ ಇದೆಯೇ?" ಅಲ್ಲಿನ ಕೆಲವು ಹಳೆಯ ಕಟ್ಟಡಗಳಲ್ಲಿ ನೆಲಮಹಡಿಯ ಮೇಲೊಂದು ಅರೆಮಹಡಿ ಇರುತ್ತದೆ, ಅದು ಲೆಕ್ಕಕ್ಕಿಲ್ಲ. ಎರಡನೆಯ ಮಹಡಿ ಎಂದು ನಂಬಿ ಹೋದರೆ ಮೂರು ಮಹಡಿ ಹತ್ತಬೇಕಾದೀತು!

ನಾವು ತಲುಪಿದ್ದು ಭಾನುವಾರ. ಆ ದಿನ ಅಲ್ಲಿ ಹೆಚ್ಚಿನ ಅಂಗಡಿಗಳಿಗೆ ಬಾಗಿಲು. ಹಾಲಿಲ್ಲದೆ ಕಾಫಿ ಹೇಗೆ? ಕೊನೆಗೆ ದೊಡ್ಡ ರೈಲು ನಿಲ್ದಾಣದ ಒಳಗಿನ ಅಂಗಡಿ ತೆರೆದಿತ್ತು. ನೀರನ್ನು ಕೊಳ್ಳಬೇಕಾಗಲಿಲ್ಲ. ಆಲ್ಪ್ಸ್ ಪರ್ವತದ ಬುಗ್ಗೆಗಳ ನೀರನ್ನು ವಿಯೆನ್ನಾಕ್ಕೆ ತರುವ ಮೊದಲ ಕಾಲುವೆ 1873ರಲ್ಲೇ ತೆರೆಯಿತು. ಇಂದಿಗೂ ನಲ್ಲಿಯ ನೀರನ್ನೇ ಕುಡಿಯುತ್ತಾರೆ. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದೆಂಬ ನಿಯಮ ಕೇಳಿ, ನನ್ನಾಕೆ ಏಳಕ್ಕೆ ಮುಂಚೆಯೇ ಕುಕ್ಕರ್ ಕೂಗಿಸಿ ಮುಗಿಸುತ್ತಿದ್ದಳು.

ವಾರದ ಪಾಸ್ ಒಂದೇ, ಮೆಟ್ರೋ, ಟ್ರಾಮ್, ಬಸ್ ಮೂರಕ್ಕೂ ನಡೆಯುತ್ತದೆ. ಮೆಟ್ರೋದಲ್ಲಿ ತಡೆಗೇಟುಗಳೇ ಇಲ್ಲ! ಹಾಗೆಂದು ಟಿಕೆಟ್ ಇಲ್ಲದೆ ಹತ್ತಿದರೆ, ತಪಾಸಣೆಯವರು ಬಂದಾಗ ದಂಡ ತಪ್ಪದು. ಮೊಮ್ಮಗನಿಗೆ ಶೋನ್‌ಬ್ರುನ್ ಅರಮನೆಗಿಂತ ಅದರ ತೋಟದ ಮೃಗಾಲಯವೇ ಇಷ್ಟವಾಯಿತು. 1752ರಲ್ಲಿ ಶುರುವಾದ ಅದು, ಈಗಲೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಜಗತ್ತಿಗೇ ಹಳೆಯದು.

ಐದನೆಯ ದಿನ ನನ್ನಾಕೆಯ ಮಂಡಿ ಊದಿಕೊಂಡಿತು. ಅಂದು ಹೊರಟಿದ್ದದ್ದು ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಕ್ಕೆ. ಟೂರಿನ ಬಸ್ಸಾಗಿದ್ದರೆ ಅಳುತ್ತಲೇ ಹತ್ತಬೇಕಿತ್ತು. "ನೀವು ಮೂವರೂ ಹೋಗಿ, ನನಗೆ ಮನೆಯಿದೆ," ಎಂದಳು.

ಎರಡು ರಾಜಧಾನಿಗಳ ನಡುವೆ ಸುಮಾರು 60 ಕಿಲೋಮೀಟರು, ನಮ್ಮ ಬೆಂಗಳೂರು-ತುಮಕೂರಿಗಿಂತ ಹತ್ತಿರ. ರೈಲಿನಲ್ಲಿ ಒಂದು ಗಂಟೆ. ಮೊಮ್ಮಗ ಕಿಟಕಿಗೆ ಮೂಗು ಒತ್ತಿ ಕೂತವನು, "ಗಡಿ ಎಲ್ಲಿ ತಾತ?" ಎಂದು ಕೇಳುತ್ತಲೇ ಇದ್ದ. ಅಷ್ಟರಲ್ಲಿ ಗಡಿ ದಾಟಿಯಾಗಿತ್ತು! 1989ರವರೆಗೆ ಇಲ್ಲಿ ತಂತಿಬೇಲಿಯೂ ಕಾವಲೂ ಇದ್ದವು. 2007ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ತಪಾಸಣೆಯನ್ನೂ ತೆಗೆದರು. ಆದರೂ ಪಾಸ್‌ಪೋರ್ಟ್ ಜೇಬಿನಲ್ಲಿರಲೇಬೇಕು.

ಬ್ರಾಟಿಸ್ಲಾವಾದ ಬಿಳಿ ಕೋಟೆಗೆ ನಾಲ್ಕು ಮೂಲೆಗೆ ನಾಲ್ಕು ಗೋಪುರ, ಕಾಲು ಮೇಲೆ ಮಾಡಿಟ್ಟ ಮೇಜಿನಂತೆ. ಹಳೆಯ ಪೇಟೆಯಲ್ಲಿ ಮ್ಯಾನ್‌ಹೋಲಿನಿಂದ ಇಣುಕುವ ಕಂಚಿನ ಮನುಷ್ಯನ ಪಕ್ಕ ಮೊಮ್ಮಗನೂ ಕೂತು ಫೋಟೋ ತೆಗೆಸಿಕೊಂಡ. ಸೇಂಟ್ ಮಾರ್ಟಿನ್ ಚರ್ಚಿನಲ್ಲಿ 1741ರಲ್ಲಿ ಮರಿಯಾ ತೆರೇಸಾಗೆ ಹಂಗೇರಿಯ ಪಟ್ಟ ಕಟ್ಟಿದರಂತೆ. ವಿಯೆನ್ನಾದ ಶೋನ್‌ಬ್ರುನ್ ಅರಮನೆಯಲ್ಲಿ ಬಾಳಿದ ರಾಣಿಯೂ ಅವಳೇ. "ಅವಳೂ ನಮ್ಮ ಹಾಗೆ ಎರಡೂ ಊರು ನೋಡಿದ್ದಾಳೆ," ಎಂದ ಹುಡುಗ.

ಸಂಜೆ ಬಂದು ಬೀಗದ ಕೈ ತಿರುಗಿಸುವಾಗ ಒಗ್ಗರಣೆಯ ವಾಸನೆ! ಮಧ್ಯಾಹ್ನ ನೋವು ಇಳಿದ ಮೇಲೆ ನನ್ನಾಕೆ ಒಬ್ಬಳೇ ಟ್ರಾಮ್ ಹತ್ತಿ, ಎರಡು ಸ್ಟಾಪ್ ಹೋಗಿ, ಕೈ ತೋರಿಸಿ ತರಕಾರಿ ಕೊಂಡು ತಂದಿದ್ದಳು. ಪಕ್ಕದ ಮನೆಯ ಅಜ್ಜಿ "ಗ್ರುಸ್ ಗೊಟ್" ಎಂದರಂತೆ, ಇವಳು "ನಮಸ್ಕಾರ" ಎಂದಳಂತೆ. ಅದೂ ನಮಸ್ಕಾರವೇ ಎಂದು ಮಗಳು ವಿವರಿಸಿದಾಗ ಅವಳ ಮುಖ ನೋಡಬೇಕಿತ್ತು.

ನಾವು ಇನ್ನೊಂದು ದೇಶಕ್ಕೆ ಹೋಗಿ ಬಂದಿದ್ದೆವು, ಅವಳು ಎರಡು ಸ್ಟಾಪಿಗೆ. ಊಟದ ಹೊತ್ತಿಗೆ ಹೇಳಲು ಹೆಚ್ಚು ಕತೆಯಿದ್ದದ್ದು ಅವಳ ಬಳಿಯೇ.

ಮಕ್ಕಳೇ, ಅಜ್ಜ ಅಜ್ಜಿಯನ್ನು ಕರೆದುಕೊಂಡು ದೂರ ಹೋಗುವುದಾದರೆ ಊರುಗಳ ಪಟ್ಟಿ ಚಿಕ್ಕದಿರಲಿ. ದಣಿದವರು ಉಳಿಯಲು ಒಂದು ಮನೆಯಿರಲಿ.